ಒಂಬತ್ತು ಜೋಡಿ ಪಾದ

ಅಂಗಡಿ ತೆರೆದ ಕೂಡಲೇ ಅಟ್ಟೆಯಕ್ಕ ಕಂಪ್ಯೂಟರಿಗೆ ಇಸವಿ ಬೆರಳಚ್ಚಿಸುತ್ತಾಳೆ, ಅದೂ ಇಪ್ಪತ್ತೆಂಟು ವರ್ಷ ಹಿಂದಿನದು. ಅದರೊಳಗಿನ ಗಡಿಯಾರಕ್ಕೆ ಹೋದ ವರ್ಷ ದಾಟಿದ ಮೇಲೆ ಲೆಕ್ಕವೇ ಬಾರದು. ಸರಿಯಾಗಿ ಅಷ್ಟು ಹಿಂದೆ ಹೋದರೆ ತಾರೀಖಿಗೆ ವಾರ ಹೊಂದಿಕೊಂಡು, ಸೋಮವಾರವಾದರೂ ಸೋಮವಾರವಾಗಿಯೇ ಉಳಿಯುತ್ತದೆ. ಹೊಸ ಕಂಪ್ಯೂಟರ್ ತರೋಣವೆಂದರೆ, ಅಟ್ಟೆ ಕೆತ್ತುವ ಯಂತ್ರ ಈ ಹಳೆಯ ಲಿನಕ್ಸ್ ಕಂಪ್ಯೂಟರಿನ ಮಾತು ಬಿಟ್ಟು ಬೇರೆಯವರ ಮಾತು ಕೇಳದು.

ಸೊಟ್ಟ ಪಾದದವರಿಗೆ ಬೂಟಿನೊಳಗೆ ಇಡುವ ಅಟ್ಟೆ ಕೆತ್ತುವುದು ಅವಳ ಕಸುಬು. ಒಮ್ಮೆ ಬಂದು ಅಳತೆ ಕೊಟ್ಟರೆ ಮುಗಿಯಿತು, ಅದು ಕಂಪ್ಯೂಟರಿನ ಡಿಸ್ಕಿನಲ್ಲಿ ಉಳಿಯುತ್ತದೆ. ಸವೆದಾಗ ಫೋನು, ಮರುದಿನ ಕೊರಿಯರ್. ಹೀಗಾಗಿ ಅಂಗಡಿಯಿರುವ ಮಹಡಿಗೆ ಹತ್ತುವವನು ಕೊರಿಯರಿನವನೊಬ್ಬನೇ. ಅವನೂ ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಇಳಿದುಬಿಡುತ್ತಾನೆ.

ಮಂಗಳವಾರ ಡಿಸ್ಕ್ ಕೈಕೊಟ್ಟಿತು. ಅವಳು ಹೆದರಲಿಲ್ಲ. ದಿನಾ ಸಂಜೆ ತಾನಾಗಿ ಕಾಪಿ ಆಗುವ ಇನ್ನೊಂದು ಡಿಸ್ಕ್ ಇತ್ತಲ್ಲ. ಅದನ್ನು ಸಿಕ್ಕಿಸಿ ನೋಡಿದರೆ ಹಳಬರ ಪಾದಗಳೆಲ್ಲ ಇವೆ, ಈ ವರ್ಷ ಬಂದ ಒಂಬತ್ತು ಮಂದಿಯದು ಮಾತ್ರ ಇಲ್ಲ. ಇದನ್ನೆಲ್ಲ ಜೋಡಿಸಿಕೊಟ್ಟ ತಮ್ಮನಿಗೆ ಫೋನು ಮಾಡಿದಳು.

“ಅಕ್ಕಾ, ಹೊಸದನ್ನ ಮಾತ್ರ ಕಾಪಿ ಮಾಡು ಅಂತ ಅದಕ್ಕೆ ಹೇಳಿಟ್ಟಿದ್ದೆ. ನೀನು ಇಸವಿ ಹಿಂದಕ್ಕೆ ಹಾಕಿದ್ಮೇಲೆ ಮಾಡಿದ್ದೆಲ್ಲ ಅದರ ಕಣ್ಣಿಗೆ ಹಳೇದು.”

“ಹಿಂದಕ್ಕೆ ಹಾಕು ಅಂದ ಪುಣ್ಯಾತ್ಮ ಯಾರೋ?”

“ನಾನೇ. ಬೈದುಬಿಡು ಅತ್ಲಾಗೆ.”

ಬೈಯಲಿಲ್ಲ. ಬೈದರೆ ಮಾತು ಬೇಗ ಮುಗಿಯುತ್ತದೆ. ಊಟ ಆಯ್ತಾ ಎಂದು ಕೇಳುವಷ್ಟರಲ್ಲಿ ಅವನೇ ಫೋನಿಟ್ಟ.

ಹಳಬರು ವರ್ಷ ವರ್ಷ ಕಡಿಮೆಯಾಗುತ್ತಿದ್ದರು. ಈ ಒಂಬತ್ತು ಮಂದಿಯೂ ಕೈಬಿಟ್ಟರೆ ಅಂಗಡಿ ಬಾಗಿಲು ಹಾಕಿದ ಹಾಗೇ. ಪೇಟೆಯಲ್ಲಿ ಕ್ಯಾಮೆರಾದಲ್ಲೇ ಪಾದ ಅಳೆಯುವ ದೊಡ್ಡ ಅಂಗಡಿ ಬಂದಿದೆ. ಅಳತೆ ಕಳೆದುಕೊಂಡೆ ಎಂದರೆ ಯಾರು ತಾನೇ ಉಳಿಯುತ್ತಾರೆ? ಆದರೂ ಪುಸ್ತಕದಲ್ಲಿ ಬರೆದಿಟ್ಟ ಆ ಒಂಬತ್ತು ಮಂದಿಯ ಪಟ್ಟಿಯಲ್ಲಿ ಮೊದಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್‌ಗೆ ಫೋನು ಮಾಡಿದಳು.

“ಯಜಮಾನ್ರೇ, ತಪ್ಪಾಯ್ತು. ನಿಮ್ಮ ಪಾದ ಕಳೆದುಹೋಗಿವೆ.”

“ಇಲ್ವಲ್ಲಮ್ಮ, ಇಲ್ಲೇ ಇವೆ. ಎರಡೂ ನೋಯ್ತಾ ಇವೆ.”

ಅವಳಿಗೆ ನಗು ಬಂತು, ಎಷ್ಟು ದಿನದ ಮೇಲೋ. “ಮತ್ತೆ ಅಳತೆ ತಗೋಬೇಕು. ಒಂದ್ಸಲ ಬರ್ತೀರಾ?”

“ನಿಮ್ಮ ಮೆಟ್ಟಿಲು ನನ್ನ ಕೈಲಾಗಲ್ಲಮ್ಮ. ಹೋದ್ಸಲ ಮಗಳು ಹೊತ್ಕೊಂಡೇ ಹತ್ತಿಸಿದ ಹಾಗಾಗಿತ್ತು. ದೊಡ್ಡಂಗಡೀಲಿ ಲಿಫ್ಟ್ ಇದೆಯಂತೆ.”

“ನಾನೇ ಬಂದ್ರೆ?” ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು.

“ನೀವಾ? ಇಷ್ಟು ದೂರ?”

“ಮನೇಲಿ ಯಾವಾಗ ಇರ್ತೀರಿ, ಹೇಳಿ.”

“ಯಾವಾಗ್ಲೂ,” ಎಂದರು.

ಅವರ ಹೆಸರಿನ ಮುಂದೆ ಅದನ್ನೇ ಬರೆದುಕೊಂಡು, ಅಟ್ಟೆಯಕ್ಕ ಎರಡನೆಯ ನಂಬರು ಒತ್ತಿದಳು.