ಯಾರಿಗೂ ಬಾರದ ಭಾಷೆ

ಒಳಗೆ ಬಂದ ಮೇಡಂ ಹಾಜರಿ ಕೂಗಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅರ್ಥವಾಗದ ಒಂದು ಭಾಷೆಯಲ್ಲಿ ಪಾಠ ಶುರುಮಾಡಿಬಿಟ್ಟರು.

ಶಿಕ್ಷಕರ ತರಬೇತಿ ಕಾಲೇಜಿನ ಆ ಕೋಣೆಯಲ್ಲಿದ್ದವರೆಲ್ಲ ಮುಂದಿನ ವಾರ ಬಂದರಿನ ಪಕ್ಕದ ಶಾಲೆಗಳಿಗೆ ಹೋಗಬೇಕಾದವರು. ಅಲ್ಲಿ ಒಂದೇ ಬೆಂಚಿನಲ್ಲಿ ಕೂತ ಮಕ್ಕಳ ಮನೆಮಾತು ಒಬ್ಬರದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಮಾತು ತಿಳಿಯದ ಮಗುವಿನ ಪಾಡು ಏನೆಂದು ಹೊರಡುವ ಮುಂಚೆ ಒಂದು ಗಂಟೆಯಾದರೂ ಇವರು ಅನುಭವಿಸಲಿ ಎನ್ನುವುದು ಮೇಡಂ ಹಟ. ಕೈಸನ್ನೆ ಇಲ್ಲ, ಬೋರ್ಡಿನ ಮೇಲೆ ಚಿತ್ರವಿಲ್ಲ. ಹೇಳಿದ್ದನ್ನು ಮಾಡದಿದ್ದರೆ ಮೇಜು ಕುಟ್ಟುತ್ತಾರೆ, ಎದ್ದು ನಿಲ್ಲಬೇಕು.

“ಯಾರಿಗೂ ಬಾರದ ಭಾಷೇನೇ ಹುಡುಕಿ ತರ್ತೀನಿ, ನೋಡ್ತಿರಿ,” ಎಂದು ಹಿಂದಿನ ದಿನವೇ ಹೇಳಿದ್ದರು.

ಕೊನೆಯ ಬೆಂಚಿನಲ್ಲಿ, ತೆರೆದ ಕಿಟಕಿಯ ಪಕ್ಕ, ಗಿಳಿ ಮತ್ತು ಗುಮ್ಮಿ ಒಂದೇ ಶಾಲನ್ನು ಮಂಡಿಗೆ ಹೊದ್ದು ಕೂತಿದ್ದರು. ಬಾಯಿಗೆ ಬಿಡುವಿಲ್ಲದ್ದರಿಂದ ಅವಳು ಗಿಳಿ. ಇವಳು ಗುಮ್ಮನಗುಸುಕಿಯ ಹಾಗಿರುತ್ತಾಳೆಂದು ಗುಮ್ಮಿ ಎಂಬ ಹೆಸರಿಟ್ಟವಳೂ ಗಿಳಿಯೇ. ಬಾಡಿಗೆಯ ಕೋಣೆಯಲ್ಲಿ ಇಬ್ಬರಿಗೂ ಒಂದೇ ಒಲೆ, ಒಂದೇ ಕನ್ನಡಿ.

“ಇದೇನೇ, ಗಂಟಲಲ್ಲಿ ಮೂಳೆ ಸಿಕ್ಕೊಂಡೋರ ಹಾಗೆ!” ಗಿಳಿ ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಹೊಳೆಯಾಚೆಯವರ ಭಾಷೆಯಂತೆ. ನಮ್ಮಜ್ಜಿ ಕೇಳಿದ್ರೆ ಬಾಗಿಲಿಗೆ ಇನ್ನೊಂದು ಬೀಗ ಜಡೀತಾಳೆ ನೋಡು.”

ಅಜ್ಜಿ ಎಂದರೆ ಅವರ ಮನೆಯ ಒಡತಿ. ಹೊಳೆಯಾಚೆಯವರಿಗೆ ತನ್ನ ಮನೆಯಲ್ಲಿ ಜಾಗವಿಲ್ಲವೆಂದು ಮೊದಲ ದಿನವೇ ಹೊಸ್ತಿಲಲ್ಲಿ ನಿಂತು ಹೇಳಿದ್ದಳು. ಗುಮ್ಮಿ ತುಟಿ ಬಿಚ್ಚುವ ಮೊದಲೇ ಗಿಳಿ, “ಇವಳನ್ನ ನೋಡಿದ್ರೆ ಹಾಗನ್ಸುತ್ತಾ ಅಜ್ಜಿ? ಒಳ್ಳೇ ಕಥೆ!” ಎಂದು ನಕ್ಕು, ಅವಳ ಪೆಟ್ಟಿಗೆಯನ್ನು ತಾನೇ ಒಳಗೆಳೆದಿದ್ದಳು. ಆ ನಗುವಿನ ಆಸರೆಯಲ್ಲೇ ಗುಮ್ಮಿ ವರ್ಷ ಕಳೆದಿದ್ದಳು. ಅಮ್ಮನ ಫೋನು ಬಂದರೆ ಬೀದಿಯ ತುದಿಯವರೆಗೆ ನಡೆದುಹೋಗಿ ಮಾತಾಡಿ ಬರುತ್ತಿದ್ದಳು. ಈಚೆಗೆ ಅಮ್ಮನೇ ಫೋನು ಮಾಡುವುದನ್ನು ಕಡಿಮೆ ಮಾಡಿದ್ದಳು. ಯಾಕೆಂದು ಅವಳೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಮೇಡಂ ಒಬ್ಬೊಬ್ಬರ ಮುಂದೆ ನಿಂತು ಅದೇ ಮಾತನ್ನು ಹೇಳುತ್ತ ಬಂದರು. ಒಬ್ಬ ಪುಸ್ತಕ ತೆರೆದ. ಇನ್ನೊಬ್ಬಳು ತನ್ನ ಹೆಸರು ಹೇಳಿದಳು. ಮೇಜು ಕುಟ್ಟಿದ ಸದ್ದು. ಇಬ್ಬರೂ ಎದ್ದು ನಿಂತರು. ಕೂತಿದ್ದಾಗ ಕಿಸಿಕಿಸಿ ಎನ್ನುತ್ತಿದ್ದವರು ನಿಂತ ಮೇಲೆ ನಗುವುದನ್ನು ಬಿಟ್ಟರು. ಗಡ್ಡದವನೊಬ್ಬನ ಕಿವಿ ಕೆಂಪಾಗಿತ್ತು.

ಗುಮ್ಮಿ ಶಾಲಿನೊಳಗೆ ಬೆರಳು ಹೆಣೆದುಕೊಂಡಳು. ಕಷ್ಟವೇನಿಲ್ಲ. ಎಲ್ಲರ ಹಾಗೆ ಮಿಕಮಿಕ ನೋಡಿದರಾಯಿತು, ಎದ್ದು ನಿಂತರಾಯಿತು. ಮೇಡಂ ಆಡುತ್ತಿದ್ದದ್ದು ಬಾಯಿಪಾಠ, ಏರಿಳಿತವೆಲ್ಲ ತಪ್ಪು. ಅಮ್ಮ ಹೇಳುವಾಗ ಆ ಮಾತಿನ ಕೊನೆ ಸ್ವಲ್ಪ ಎಳೆದುಕೊಂಡು ಹೋಗಿ ಮೆತ್ತಗಾಗುತ್ತಿತ್ತು. ಕಿಟಕಿ ಮುಚ್ಚೇ ಮಗಳೇ, ಗಾಳಿ ಬರ್ತಿದೆ.

ಅಷ್ಟರಲ್ಲಿ ಮೇಡಂ ಅವಳೆದುರಿಗೇ ನಿಂತು ಅದನ್ನೇ ಹೇಳಿದರು.

ಗುಮ್ಮಿಗೆ ತಾನು ಎದ್ದದ್ದು ಅರಿವಾಗುವಷ್ಟರಲ್ಲಿ ಶಾಲು ನೆಲದ ಮೇಲೆ ಬಿದ್ದಿತ್ತು. ಕಿಟಕಿ ಮುಚ್ಚಿತ್ತು. ಅವಳ ಕೈ ಚಿಲಕದ ಮೇಲಿತ್ತು.

ಬೀದಿಯ ಸದ್ದು ಹೊರಗೇ ಉಳಿಯಿತು. ಎಲ್ಲರೂ ಅವಳತ್ತ ತಿರುಗಿದ್ದರು.

“ಚಳಿ ಆಯ್ತೇನೇ?” ಎಂದು ನಕ್ಕಳು ಗಿಳಿ. ಅವಳ ಸರದಿ ಇನ್ನೂ ಬಂದಿರಲಿಲ್ಲ, ಕೂತಲ್ಲಿಂದಲೇ ಮೇಡಂಗೆ ಹೇಳಿದಳು, “ಚಳಿಗೆ ಮುಚ್ಚಿದ್ಲು ಮೇಡಂ. ಸ್ವಲ್ಪ ಗಾಳಿ ಬಂದ್ರೂ ತಡೆಯೋಲ್ಲ ಇವ್ಳಿಗೆ.”

ಅದೇ ನಗು. ಪೆಟ್ಟಿಗೆಯನ್ನು ಒಳಗೆಳೆದ ಅದೇ ಕೈ. ಹೂಂ ಎಂದರೆ ಸಾಕಿತ್ತು. ಸಂಜೆ ಇಬ್ಬರೂ ಎಂದಿನಂತೆ ಕೋಣೆಗೆ ಮರಳಬಹುದಿತ್ತು.

“ಚಳಿಗಲ್ಲ,” ಎಂದಳು ಗುಮ್ಮಿ.

ಆಮೇಲೆ ಮೇಡಂ ಕಡೆ ತಿರುಗಿ, ಅಮ್ಮನದೇ ಏರಿಳಿತದಲ್ಲಿ, ಹೊಳೆಯಾಚೆಯ ಭಾಷೆಯಲ್ಲಿ ಹೇಳಿದಳು: ನೀವು ಹೇಳಿದ್ದು ನನಗೆ ತಿಳಿಯಿತು. ಇದು ನಮ್ಮ ಮನೆಯ ಮಾತು. ಯಾರಿಗೂ ಬಾರದ್ದಲ್ಲ.

ಮೇಡಂ ಬಾಯಿ ತೆರೆದರು. ಕಲಿತು ತಂದಿದ್ದ ನಾಲ್ಕು ಮಾತುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬೆನ್ನ ಹಿಂದಿನ ಕೈಗಳು ತಾವಾಗಿ ಬಿಚ್ಚಿಕೊಂಡು ಮುಂದೆ ಬಂದವು, ಹಿಡಿಯಲು ಏನೂ ಸಿಗದೆ ಹಾಗೇ ಜೋತುಬಿದ್ದವು. ನಿಂತಿದ್ದವರ ಮುಖದಲ್ಲಿದ್ದದ್ದೇ ಈಗ ಅವರ ಮುಖದಲ್ಲೂ ಇತ್ತು.

“ಏನಂದೆಮ್ಮಾ? ನಂಗೆ... ಇನ್ನೊಂದ್ಸಲ ಹೇಳ್ತೀಯಾ?”

ಗುಮ್ಮಿ ಇನ್ನೊಂದು ಸಲ ಹೇಳಿದಳು, ಎಲ್ಲರಿಗೂ ತಿಳಿಯುವ ಮಾತಿನಲ್ಲಿ. ಈ ಸಲ ಅವಳು ನೋಡುತ್ತಿದ್ದದ್ದು ಗಿಳಿಯನ್ನು.

ಗಿಳಿ ಬಗ್ಗಿ ಶಾಲನ್ನು ಎತ್ತಿಕೊಂಡಳು, ಧೂಳು ಕೊಡವಿದಳು. ಒಂದು ತುದಿಯನ್ನು ತನ್ನ ಮಂಡಿಯ ಮೇಲೆ ಹರಡಿಕೊಂಡಳು. ಇನ್ನೊಂದು ತುದಿಯನ್ನು ಕೈಯಲ್ಲೇ ಹಿಡಿದು, ಪಕ್ಕದ ಖಾಲಿ ಜಾಗವನ್ನು ನೋಡುತ್ತ ಕೂತಳು.