ರೈಟರ್ ಸಾಂತಪ್ಪನ ಕುತ್ತಿಗೆ

ಸೋಮವಾರಪೇಟೆ ಸೀಮೆಯಲ್ಲಿ ಸಾಂತಪ್ಪನಷ್ಟು ಉದ್ದದ ಆಳು ಇನ್ನೊಬ್ಬನಿರಲಿಲ್ಲ. ಸ್ವಂತ ಮನೆಯ ಬಾಗಿಲಿಗೇ ಹಣೆ ಚಚ್ಚಿಸಿಕೊಂಡು ಬೆಳೆದವನು. ಅಂಥವನಿಗೆ ಬಿಳಿ ದೊರೆಯ ಕಾಫಿ ತೋಟದಲ್ಲಿ ರೈಟರ್ ಕೆಲಸ ಸಿಕ್ಕಿದಾಗ ಅವನ ಹೆಂಡತಿ ನೀಲಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿಸಿಲಿಲ್ಲ, ಜಿಗಣೆಯಿಲ್ಲ, ಕುರ್ಚಿಯಲ್ಲಿ ಕೂತು ಲೆಕ್ಕ ಬರೆದರಾಯಿತು. ಇದಕ್ಕಿಂತ ಪುಣ್ಯ ಬೇಕೇ?

ಆ ಪುಣ್ಯ ಮಳೆಗಾಲ ಕಳೆಯುವುದರೊಳಗೆ ತಲೆಗೇರಿತು. ಮೊದಲು ಕುತ್ತಿಗೆ ಹಿಡಿದುಕೊಂಡಿತು. ಆಮೇಲೆ ನೋವು ಹಿಂದಲೆಯಿಂದ ನೆತ್ತಿಗೆ ಹತ್ತಿ, ಕಣ್ಣಿನ ಹಿಂದೆ ಬಂದು ಕೂರತೊಡಗಿತು. ಅತ್ತೆ ವಿಶಾಲಾಕ್ಷಮ್ಮನವರ ಲೆಕ್ಕದಲ್ಲಿ ಅದು ಯಾರದೋ ಹಾಳು ಕಣ್ಣು, ಮಗನ ಕುರ್ಚಿ ಕಂಡು ಹೊಟ್ಟೆ ಉರಿದವರದು. ದೃಷ್ಟಿ ತೆಗೆದರು, ನಿಂಬೆಹಣ್ಣು ಕೊಯ್ದರು, ಕಾಳುಮೆಣಸು ಅರೆದು ಹಣೆಗೆ ಬಳಿದರು. ನೋವು ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ದನಕ್ಕೂ ಜನಕ್ಕೂ ಬರೆ ಹಾಕುವ ಗುಂಡಜ್ಜನನ್ನು ಕರೆಸಿದರು.

ಹಿತ್ತಲಲ್ಲಿ ಕೆಂಡ ಮಾಡಿ ಗುಂಡಜ್ಜ ಕಬ್ಬಿಣದ ಸರಳು ಕಾಯಿಸಿದ.

"ಯಾರಾದ್ರೂ ಕೈ ಹಿಡ್ಕೊಳ್ಳಿ. ಕೊಸರಿದ್ರೆ ಬೇರೆ ಕಡೆ ತಾಗ್ತದೆ" ಅಂದ.

ಹಿಡಿದವಳು ನೀಲಮ್ಮ. ಕುತ್ತಿಗೆಯ ಹಿಂದೆ ಸರಳು ತಾಗುವಾಗ ಗಂಡ "ಬಿಡೇ ನೀಲಾ, ಬಿಡೇ" ಅನ್ನುತ್ತಿದ್ದರೂ ಅವಳು ಆ ಎರಡು ಮಣಿಕಟ್ಟು ಬಿಡಲಿಲ್ಲ. ಅವನ ಒಳ್ಳೆಯದಕ್ಕೇ ತಾನೇ ಎಂದು ಹಲ್ಲು ಕಚ್ಚಿ ಅದುಮಿ ಹಿಡಿದಳು. ಚರ್ಮ ಸುಟ್ಟ ವಾಸನೆ ಅವಳ ಸೆರಗಿನಲ್ಲಿ ಎರಡು ಒಗೆತಕ್ಕೂ ಹೋಗಲಿಲ್ಲ.

ಗಾಯ ಮಾಯುವ ತನಕ ಸಾಂತಪ್ಪ ಮನೆಯಲ್ಲೇ ಇದ್ದ. ತಲೆನೋವು ಮಂಗಮಾಯ. ವಿಶಾಲಾಕ್ಷಮ್ಮ ಕಂಡಕಂಡವರೆದುರು ಗುಂಡಜ್ಜನ ಕೈಗುಣ ಕೊಂಡಾಡಿದರು. ಆದರೆ ಅವನು ತೋಟದ ಆಫೀಸಿಗೆ ಮತ್ತೆ ಹೋದದ್ದೇ ತಡ, ವಾರದೊಳಗೆ ನೋವು ಹಾಜರು.

"ಬರೆ ಆಳಕ್ಕಿಳಿದಿಲ್ಲ. ಈ ಸಲ ಹಣೆಗೇ ಹಾಕ್ಬೇಕು" ಅಂದ ಗುಂಡಜ್ಜ.

ಹಣೆಗೆ! ಕಣ್ಣಿಗೆ ಬೆರಳಗಲ ಮೇಲೆ! ಸಾಂತಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ಗೊತ್ತು ಮಾಡಿದ ದಿನ ಮಧ್ಯಾಹ್ನ ಸರಳು ಕೆಂಡದಲ್ಲಿತ್ತು, ಸಾಂತಪ್ಪ ಬಂದಿರಲಿಲ್ಲ.

"ಹೋಗಿ ಕರ್ಕೊಂಡು ಬಾರೇ. ಇಲ್ದಿದ್ರೆ ಅವ್ನು ತಪ್ಪಿಸ್ಕೋತಾನೆ" ಎಂದು ಅತ್ತೆ ಅಟ್ಟಿದರು. ಗಂಡಸರ ಆಫೀಸಿನ ಕಡೆ ನೀಲಮ್ಮ ಅಲ್ಲಿವರೆಗೆ ತಲೆ ಹಾಕಿದವಳಲ್ಲ. ಹೋಗಿ ಬಾಗಿಲಲ್ಲಿ ನಿಂತಳು.

ಗಂಡನ ಮುಂದಿದ್ದ ಮೇಜು ಅವನ ಮೊಣಕಾಲಿನ ಎತ್ತರಕ್ಕಿತ್ತು. ಕಾಲು ಅದರ ಕೆಳಗೆ ತೂರದೆ, ಕುರ್ಚಿ ಹಿಂದಕ್ಕೆ ಎಳೆದುಕೊಂಡು, ಅಷ್ಟುದ್ದದ ಮನುಷ್ಯ ಗೂನನಾಗಿ ಮಡಚಿಕೊಂಡು ಬರೆಯುತ್ತಿದ್ದ. ಗದ್ದ ಎದೆಗೆ ತಾಗಿತ್ತು. ಚಾಚಿದ ಕುತ್ತಿಗೆಯ ಮೇಲೆ ಬರೆಯ ಗುರುತು ಸೂರಿನ ಕಡೆ ಮುಖ ಮಾಡಿ ಕೆಂಪಗೆ ಕಾಣುತ್ತಿತ್ತು.

"ದಿನಾ ಹಿಂಗೇನಾ ಕೂರೋದು?" ಅಂದಳು ನೀಲಮ್ಮ.

"ಇನ್ನು ಹೆಂಗೆ ಕೂರ್ಲಿ? ದೊರೆಸಾನಿ ಟೀ ಕುಡೀತಿದ್ದ ಮೇಜು. ದೊರೆನೇ ಕೊಟ್ಟಿದ್ದು."

"ಗಿಡ್ಡ ಆಯ್ತು ಅಂತ ಹೇಳ್ಬಾರ್ದಾ?"

"ದೊರೆ ಕೊಟ್ಟಿದ್ದಕ್ಕೆ ಹೆಸರಿಡೋಕಾಗುತ್ತೇನೇ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಗಾದೆ ಹೇಳಿ ನೀಲಮ್ಮ ಎಷ್ಟು ಸಲ ನಕ್ಕಿದ್ದಳೋ. ಆ ಎಮ್ಮೆ ತನ್ನ ಗಂಡ, ಅದರ ಕಾಲು ಕಟ್ಟಿದವಳು ತಾನು ಎಂದು ಹೊಳೆದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮನೆಯಲ್ಲಿದ್ದಾಗ ನೋವು ಬಿಟ್ಟದ್ದು ಬರೆಯಿಂದಲ್ಲ, ಈ ದರಿದ್ರ ಮೇಜು ತಪ್ಪಿದ್ದರಿಂದ. ಅಷ್ಟು ಜನರಲ್ಲಿ ಒಬ್ಬರಿಗೂ, ಹಾಸಿಗೆ ಹಂಚಿಕೊಂಡ ತನಗೂ, ನೀನು ಹೇಗೆ ಕೂರುತ್ತೀ ಎಂದು ಕೇಳಬೇಕೆನಿಸಲಿಲ್ಲವಲ್ಲ.

ಆಫೀಸಿನ ಅಂಗಳದಲ್ಲಿ ಸೌದೆಗೆಂದು ಮರದ ತುಂಡುಗಳನ್ನು ಪೇರಿಸಿದ್ದರು. ಸಮನಾದ ನಾಲ್ಕು ಆರಿಸಿ ತಂದು, ಗಂಡನ ಕೈಲಿ ಮೇಜು ಎತ್ತಿಸಿ, ಒಂದೊಂದು ಕಾಲಿಗೂ ಒಂದೊಂದು ಕೊಟ್ಟಳು. ಸಾಂತಪ್ಪ ಕುರ್ಚಿ ಮುಂದೆಳೆದು ಕೂತ. ಕಾಲು ಒಳಗೆ ಹೋಯಿತು. ಬೆನ್ನು ನೆಟ್ಟಗಾಯಿತು. ಸ್ವಲ್ಪ ಹೊತ್ತು ಬರೆದು ಲೇಖನಿ ಕೆಳಗಿಟ್ಟ.

"ಇಷ್ಟೇನಾ, ನೀಲಾ?" ಅಂದ.

ನೀಲಮ್ಮ ಸೆರಗು ಬಿಗಿದು ಹೊರಟಳು. ಒಬ್ಬಳೇ ಮನೆಗೆ ಬಂದು, ಕೆಂಡದಿಂದ ಸರಳೆಳೆದು ನೀರಿನ ಬಾನಿಗೆ ಹಾಕಿದಳು. ಚೊಂಯ್ ಎಂದಿತು. ಅತ್ತೆ ಬೆಚ್ಚಿ ಎದ್ದು ನಿಂತರು.

"ಏನೇ ಇದು, ನಿಂಗೇನು ಹುಚ್ಚಾ?"

"ಆವತ್ತು ಹಿಡಿದಿತ್ತು, ಅತ್ತೆ. ಈಗ ಬಿಟ್ಟದೆ" ಅಂದಳು ಸೊಸೆ. "ಗುಂಡಜ್ಜ, ಕಾಫಿ ಕೊಡ್ತೀನಿ, ಕುಡ್ದು ಹೋಗಿ."

ನೋವೇನೂ ಅವತ್ತೇ ಇಳಿಯಲಿಲ್ಲ. ಸುಗ್ಗಿಯ ಹೊತ್ತಿಗೆ ಸಾಂತಪ್ಪ ತಲೆ ಎತ್ತಿ ನಡೆಯುತ್ತಿದ್ದ, ಊಟಕ್ಕೆ ಕೂತಾಗ ನಗುತ್ತಲೂ ಇದ್ದ. ಒಂದು ಸಂಜೆ ನೀಲಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದಳು. ಜಗಲಿಯಲ್ಲಿ ಕೂತಿದ್ದ ಗಂಡನ ಹಿಂದೆ ನಿಂತು, ಹಳೆ ಗಾಯದ ಪಕ್ಕಕ್ಕೆ ಮೆಲ್ಲಗೆ ಕೈಯಿಟ್ಟಳು.

ಆ ಬಿಸಿ ತಾಗಿದ್ದೇ ಸಾಂತಪ್ಪ ತನ್ನ ಎರಡೂ ಕೈಗಳನ್ನು ಎದೆಗೆ ಎಳೆದುಕೊಂಡು ಮಣಿಕಟ್ಟುಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ನಾನು ಕಣ್ರೀ" ಅಂದಳು ನೀಲಮ್ಮ. "ಬರೀ ಎಣ್ಣೆ."

"ಗೊತ್ತು" ಅಂದ ಅವನು. ಕೈ ಮಾತ್ರ ಹೊರಗೆ ತೆಗೆಯಲಿಲ್ಲ.