ಖಾರ ತಾಳದ ಬಾಯಿ

ಕುರ್ಲಾದ ಆ ಚಾಳಿನ ಸಾಲುಮನೆಗಳಲ್ಲಿ ಇಂದ್ರಾಬಾಯಿ ಕುಟ್ಟುವ ಕೆಂಪು ಖಾರಕ್ಕೆ ಹೆದರದವರಿಲ್ಲ. ಅಂಥವಳೇ ಹದಿನೈದು ದಿನದಿಂದ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ನುಂಗುತ್ತಿದ್ದಳು. ಖಾರ ತಾಗಿದರೆ ಬಾಯಲ್ಲಿ ಕೆಂಡ ಇಟ್ಟಂತೆ.

"ವಿಜಾಪುರದಾಕಿ ಮೊಸರಿಗೆ ಬಂದ್ಳಪಾ!" ಗಂಡ ಯಲ್ಲಾಲಿಂಗ ನಕ್ಕ.

"ಉಷ್ಣ ಆಗೇತಿ, ಅಷ್ಟ."

ಕೆನ್ನೆಯ ಒಳಗೆ ನಾಲಿಗೆಗೆ ಏನೋ ಒರಟಾಗಿ ತಾಗುತ್ತಿತ್ತು. ಅದನ್ನವಳು ಯಾರಿಗೂ ಹೇಳಿರಲಿಲ್ಲ. ಊರಲ್ಲಿ ಅವಳ ಚಿಗವ್ವ ಹೀಗೇ ಮೊಸರಿಗೆ ಬಂದು, ಕಡೆಗೆ ನೀರೂ ಇಳಿಯದೆ ತೀರಿಹೋಗಿದ್ದಳು.

ಮನೆ ಮನೆ ತಿರುಗುವ ಆರೋಗ್ಯ ಸೇವಿಕೆ ಶೀತಲ್ ಅದೇ ಚಾಳಿನ ಹುಡುಗಿ. ಬಾಗಿಲಲ್ಲೇ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದಳು, "ಮೌಶಿ, ತಂಬಾಕು ತಿಂತೀರಿ ಕಾ?"

"ಥೂ! ಮುಟ್ಟಿದಾಕಿ ಅಲ್ಲ ನಾ."

"ಮತ್ತೆ ಬಚ್ಚಲು ಮೋರಿ ಹತ್ರ ಆ ಡಬ್ಬಿ?"

"ಅದು ಮಿಶ್ರಿ. ಹಲ್ಲಿನ ಔಷಧ. ಮುಂಜಾನೆ ತಿಕ್ಕಲಿಲ್ಲಂದ್ರ ಹೊಟ್ಟಿ ಸಾಫ್ ಆಗಂಗಿಲ್ಲ."

"ಮಿಶ್ರಿ ಅಂದ್ರೆ ಸುಟ್ಟ ತಂಬಾಕೇ, ಮೌಶಿ. ತವಾ ಮೇಲೆ ನೀವೇ ಸುಡ್ತೀರಲ್ಲ?"

ಇಂದ್ರಾಬಾಯಿ ತವಾದ ಕಡೆ ನೋಡಿದಳು. ಸುಡುವಾಗ ಘಾಟಿಗೆ ಇಡೀ ಚಾಳು ಕೆಮ್ಮುತ್ತಿತ್ತು. ಆದರೂ ಮೂವತ್ತು ವರ್ಷ ಅದು ತಂಬಾಕು ಎಂದು ಅನ್ನಿಸಿರಲೇ ಇಲ್ಲ.

ಶೀತಲ್ ಅವಳ ಬಾಯೊಳಗೆ ಟಾರ್ಚ್ ಬಿಟ್ಟು, ಬಟ್ಟೆಯಿಂದ ಒರೆಸಿ ನೋಡಿದಳು. "ಬ್ಲೌಸಿಗೆ ಒಳಗಿಂದ ಅಸ್ತರ್ ಹಾಕ್ತಾರಲ್ಲ, ಹಾಗೆ ಬಾಯಿ ಒಳಗೂ ಪತಲಾ, ತೆಳ್ಳನೆ ಪೊರೆ ಇದೆ. ದಿನಾ ಮಿಶ್ರಿ ತಾಗಿದ್ರೆ ಅದು ಖರಾಬ್ ಆಗ್ತದೆ. ಈ ಬಿಳಿ ಕಲೆ ಒರೆಸಿದ್ರೂ ಹೋಗ್ತಿಲ್ಲ."

"ಕ್ಯಾನ್ಸರೇನವಾ?" ಯಲ್ಲಾಲಿಂಗನ ನಗು ಆರಿತ್ತು.

"ಗೊತ್ತಿಲ್ಲ ಕಾಕಾ. ಡಾಕ್ಟರೇ ಹೇಳ್ಬೇಕು."

"ನೋವ ಇಲ್ಲ, ಖಾರಕ್ಕಷ್ಟ ಉರಿ. ಅದಕ್ಯಾಕ ದವಾಖಾನಿ?" ಇಂದ್ರಾಬಾಯಿ ಗೊಣಗಿದಳು.

"ಶುರೂಲಿ ನೋವಿರಲ್ಲ ಮೌಶಿ. ಅದೇ ಮೋಸ."

ಸರಕಾರಿ ಆಸ್ಪತ್ರೆಯಲ್ಲಿ ಆ ಪೊರೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟಿಗೆ ಎಂಟು ದಿನ. ಎಂಟೂ ದಿನ ಒಲೆ ಮುಂದೆ ಕೂತರೆ ಚಿಗವ್ವನ ಮುಖವೇ ಕಾಣುತ್ತಿತ್ತು.

ಒಂಬತ್ತನೆಯ ದಿನ ಡಾಕ್ಟರು ಹೇಳಿದರು: "ಕ್ಯಾನ್ಸರ್ ಅಲ್ಲ. ಆದರೆ ಮಿಶ್ರಿ ಬಿಡದಿದ್ದರೆ ಆಗಬಹುದು. ಬಿಟ್ಟ ಮೇಲೂ ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು."

ಮನೆಗೆ ಬಂದವಳೇ ಡಬ್ಬಿಯನ್ನು ಕಸಕ್ಕೆ ಎಸೆದಳು. ಯಲ್ಲಾಲಿಂಗ ಕಿಸೆಯಿಂದ ತನ್ನ ತಂಬಾಕಿನ ಚೀಲ ತೆಗೆದು ಅದರ ಮೇಲೇ ಹಾಕಿದ.

ಈಗಲೂ ಇಂದ್ರಾಬಾಯಿಯ ನಾಲಿಗೆ ದಿನಾ ಮುಂಜಾನೆ ಆ ಕೆನ್ನೆಯನ್ನು ಸವರಿ ನೋಡುತ್ತದೆ.

ಅಕ್ಕಾ, ಅಣ್ಣಾ, ನಿಮ್ಮ ಬಾಯೊಳಗೆ ಬಿಳಿ ಇಲ್ಲವೆ ಕೆಂಪು ಕಲೆ ಇದೆಯೆ? ಎರಡು ವಾರವಾದರೂ ಮಾಯದ ಹುಣ್ಣು? ಖಾರ ತಾಗಿದರೆ ಉರಿ? ನೋವು ಬರಲಿ ಎಂದು ಕಾಯಬೇಡಿ. ಇವತ್ತೇ ಕನ್ನಡಿ ಮುಂದೆ ಬಾಯಿ ತೆರೆಯಿರಿ, ನಾಳೆ ಡಾಕ್ಟರ ಮುಂದೆ.